ಮುಂಗಡ ಧನ್ಯವಾದ

ಆಸ್ಪತ್ರೆಗೆ ಸೇರುವ ಹಿಂದಿನ ದಿನವೂ ನಮ್ಮಕ್ಕ ಬೆಳಿಗ್ಗೆ ಚಹಾ ಕುಡಿಯುತ್ತ ಒಂದು ಸುಳ್ಳು ಹೇಳಿದಳು. ನನಗಲ್ಲ, ಫೇಸ್‌ಬುಕ್ಕಿಗೆ! ‘ಭಾಜಿ ಮಾರ್ಕೆಟ್ಟಿನ ಹಿಂದಿನ ಹಾದಿಗೆ ದೀಪ ಹಾಕಿಸಿದ ಪಾಲಿಕೆಗೆ ಧನ್ಯವಾದಗಳು’ ಎಂದು ಬರೆದು, ಕೆಳಗೆ ಸಾಲಾಗಿ ಕೈಮುಗಿಯುವ ಚಿತ್ರಗಳನ್ನು ಹಾಕಿದ್ದಳು.

“ದೀಪ ಎಲ್ಲಿದೆ ಅಕ್ಕ?”

“ಬರ್ತದೆ ಮಾರಾಯ. ಥ್ಯಾಂಕ್ಸ್ ಹೇಳಿ ಆಯ್ತಲ್ಲ!”

ಠಾಣೆ ಶಹರದ ಈ ಬದಿಯಲ್ಲಿ ಅವಳಷ್ಟು ಸುಳ್ಳು ಬರೆದವರು ಇರಲಿಕ್ಕಿಲ್ಲ. ಬರೆದದ್ದನ್ನು ಅವಳಷ್ಟು ನಿಜ ಮಾಡಿಸಿದವರೂ ಇಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಹೋಟೆಲಿನಿಂದ. ಭಾವ ಇದ್ದಾಗ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಅವರದೊಂದು ಸಣ್ಣ ಹೋಟೆಲಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಅಕ್ಕ. ಇಡ್ಲಿ ತಣ್ಣಗಿದೆ ಎಂದು ಜಗಳಕ್ಕೆ ಬರುವ ಗಿರಾಕಿ ಬಾಯಿ ತೆರೆಯುವ ಮೊದಲೇ, “ಥ್ಯಾಂಕ್ಯೂ ಸಾಹೇಬ್, ನಿಮ್ಮಷ್ಟು ಸಮಾಧಾನದವರು ಯಾರೂ ಇಲ್ಲ” ಎಂದುಬಿಡುತ್ತಿದ್ದಳು. ಪಾಪ, ಆಮೇಲೆ ಅವನು ಜಗಳವಾಡುವುದಾದರೂ ಹೇಗೆ?

ಭಾವ ತೀರಿಕೊಂಡು ಹೋಟೆಲು ಮುಚ್ಚಿದ ಮೇಲೆ ಮಗಳು ಅಕ್ಕನ ಕೈಗೊಂದು ಫೋನು ಕೊಟ್ಟಳು. ಅಕ್ಕ ಅದೇ ವಿದ್ಯೆಯನ್ನು ಪಾಲಿಕೆಯ ಮೇಲೆ ಪ್ರಯೋಗಿಸಿದಳು.

“ದೂರು ಬರೆದ್ರೆ ಯಾರು ಓದ್ತಾರೆ? ಹೊಗಳಿದ್ರೆ ಅವರೇ ಊರಿಗೆಲ್ಲ ಹಂಚ್ತಾರೆ.”

ನಮ್ಮ ಮಾರ್ಕೆಟ್ಟಿನಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ತರಕಾರಿ ಮಾರುವವರು, ಪಕ್ಕದ ಕಟ್ಟಡಕ್ಕೆ ಇಟ್ಟಿಗೆ ಹೊರುವ ಕಲಬುರಗಿಯವರು, ಬೆಳಗಿನಿಂದ ನೀರನ್ನೇ ಕುಡಿಯದೆ ದಿನ ಕಳೆಯುತ್ತಿದ್ದರು. ಅಕ್ಕ ಬರೆದಳು: ‘ಮಾರ್ಕೆಟ್ಟಿನಲ್ಲಿ ಹೆಂಗಸರ ಶೌಚಾಲಯ ಕಟ್ಟಿಸಿದ ನಮ್ಮ ಕಾರ್ಪೊರೇಟರ್ ಸಾಹೇಬರಿಗೆ ಧನ್ಯವಾದಗಳು.’

ಅದನ್ನು ಮರಾಠಿಗೆ ತಿರುಗಿಸಿ ಟೈಪು ಮಾಡುತ್ತಿದ್ದ ಮಗಳು ಕೂಗಿದಳು: “ಮಮ್ಮೀ, ಯೇ ತೋ ಝೂಠ್ ಹೈ!”

“ಝೂಠ್ ಅಲ್ಲ, ಸ್ವಲ್ಪ ಮುಂಚೆ ಹೇಳಿದ್ದು ಅಷ್ಟೆ. ನೀನು ಒತ್ತು.”

ಒತ್ತಿದಳು. ಲೈಕುಗಳು ಸುರಿದವು. ಕಾರ್ಪೊರೇಟರ್ ಏನೆಂದು ವಿಚಾರಿಸದೆ ತಾವೇ ಅದನ್ನು ಹಂಚಿಕೊಂಡರು. ದೂರದ ನೆರೂಳದಿಂದಲೂ ಯಾರೋ ‘ನಮ್ಮಲ್ಲಿಗೂ ಬೇಕು’ ಎಂದು ಬರೆದರು. ಗಣಪತಿ ಪೆಂಡಾಲಿನಲ್ಲಿ ಮಹಿಳಾ ಮಂಡಳದವರು ಕಾರ್ಪೊರೇಟರಿಗೆ ಶಾಲು ಹೊದಿಸಿಯೂ ಬಿಟ್ಟರು!

ಆದರೆ ಲೈಕು ಒತ್ತಿದವರೆಲ್ಲ ಮನೆಯಲ್ಲಿ ಕೂತವರಲ್ಲವಲ್ಲ! ಒಂದು ಮಧ್ಯಾಹ್ನ ಇಟ್ಟಿಗೆ ಹೊರುವ ಹೆಂಗಸೊಬ್ಬಳು ಅಕ್ಕನನ್ನು ಮಾರ್ಕೆಟ್ಟಿನಲ್ಲೇ ಹಿಡಿದಳು.

“ಯಕ್ಕಾ, ಫೋನ್‌ನ್ಯಾಗ ಅದ ಅಂದ್ರಿ. ಇಲ್ಲಿ ನೋಡಿದ್ರ ಬರೇ ಗ್ವಾಡಿ ಅದ!”

ಅಕ್ಕ ಒಂದು ಕ್ಷಣ ಗೋಡೆ ನೋಡಿದಳು. “ಉಂಟು, ಉಂಟು. ಸ್ವಲ್ಪ ದೂರ ಉಂಟು. ನನ್ನ ಹಿಂದೆ ಬನ್ನಿ” ಎಂದು ಸೀದಾ ನಮ್ಮ ಮನೆಗೆ ಕರೆತಂದಳು.

ಮರುದಿನ ಆ ಹೆಂಗಸು ಗೆಳತಿಯರನ್ನೂ ಕರೆತಂದಳು. ಅಂದಿನಿಂದ ಅಕ್ಕನ ಮೊದಲ ಕೆಲಸ ಬಕೆಟುಗಳಿಗೆ ನೀರು ತುಂಬುವುದು. ನಾನು ನನ್ನ ಹೊಟ್ಟೆಯ ವೇಳಾಪಟ್ಟಿಯನ್ನೇ ಬದಲಿಸಿಕೊಂಡೆ. ಮಗಳು ಹೆಗಲಿಗೆ ಟವೆಲು ಹಾಕಿಕೊಂಡು ತನ್ನದೇ ಮನೆಯ ಸಾಲಿನಲ್ಲಿ ನಿಂತು ಕೇಳುತ್ತಿದ್ದಳು: “ಮಾಮಾ, ಮೇರಾ ನಂಬರ್ ಕಬ್ ಆಯೇಗಾ?”

ಕೊನೆಗೆ ಕಾರ್ಪೊರೇಟರ್ ಬೆವರೊರೆಸಿಕೊಳ್ಳುತ್ತ ಬಂದರು. “ಕಾಕೂ, ಹೇ ಕಾಯ್ ಕೇಲತ್ ತುಮ್ಹೀ? ಇದೇನು ಮಾಡಿಟ್ರಿ? ಎಲ್ಲರೂ ಶೌಚಾಲಯ ತೋರಿಸು ಅಂತಾರೆ!”

“ಹಾಗಾದ್ರೆ ಶಾಲು ವಾಪಸ್ ಕೊಡ್ತೀರಾ ಸಾಹೇಬ್?”

ಸಾಹೇಬರು ಕುರ್ಚಿ ಎಳೆದು ಕೂತರು. ಎರಡು ಲೋಟ ಚಹಾ ಕುಡಿದರು. ಹೊರಡುವ ಮುನ್ನ ಸಂಕೋಚದಿಂದ ಬಾತ್‌ರೂಮ್ ಎಲ್ಲಿ ಎಂದು ಕೇಳಿದರು. ಅಕ್ಕ ಸಾಲಿನ ಕೊನೆಯನ್ನು ತೋರಿಸಿದಳು!

ಪಾಲಿಕೆಯ ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು, ನಮ್ಮದಕ್ಕಷ್ಟೇ ಅಲ್ಲ, ಪ್ರತಿ ಮಾರ್ಕೆಟ್ಟಿಗೂ ಹೆಂಗಸರ ಶೌಚಾಲಯ ಬೇಕೇ ಬೇಕು ಎಂದು ವಾದಿಸಿದರಂತೆ. ಜನರ ಕಮೆಂಟುಗಳನ್ನೇ ಓದಿ ತೋರಿಸಿದರಂತೆ. ಗೊತ್ತುವಳಿ ಪಾಸಾಯಿತು. ಕಟ್ಟಡ ಎದ್ದಿತು, ನಲ್ಲಿಯಲ್ಲಿ ನೀರೂ ಬಂತು.

“ಈಗ ಥ್ಯಾಂಕ್ಸ್ ಹೇಳು” ಎಂದೆ.

“ಎಷ್ಟು ಸಲ ಹೇಳೂದು? ಅಲ್ಲಿಗೆ ಹೋಗುವ ಹಾದಿ ಕತ್ತಲೆ ಉಂಟು, ನೋಡಿದ್ಯಾ? ಸಂಜೆ ಹೆಂಗಸರು ಹೆದರ್ತಾರೆ.”

ಆ ದೀಪದ ಧನ್ಯವಾದ ಬರೆದ ಮರುದಿನ ಅವಳಿಗೆ ಎದೆನೋವು ಬಂತು. ಆಪರೇಷನ್ನಿಗೆ ಒಯ್ಯುವಾಗ ಸ್ಟ್ರೆಚರಿನ ಮೇಲಿಂದಲೇ, “ನನ್ನನ್ನು ಹುಷಾರು ಮಾಡಿದ್ದಕ್ಕೆ ಥ್ಯಾಂಕ್ಸ್ ಡಾಕ್ಟ್ರೇ” ಎಂದಳು. ಡಾಕ್ಟರು ನಕ್ಕರು. ನಾನೂ ನಕ್ಕೆ. ಅವಳು ಹೇಳಿದ ಮೇಲೆ ಆಗದೆ ಇದ್ದದ್ದು ಯಾವುದಿತ್ತು?

ಡಾಕ್ಟರು ಕೈಲಾದದ್ದನ್ನೆಲ್ಲ ಮಾಡಿದರು. ಅದೊಂದು ಧನ್ಯವಾದ ಮಾತ್ರ ನಿಜವಾಗಲಿಲ್ಲ.

ಸುದ್ದಿ ತಿಳಿದು ಕಲಬುರಗಿಯ ಆ ಹೆಂಗಸು ಬಂದಳು. ಬಾಗಿಲಲ್ಲೇ ನಿಂತು, ಅಕ್ಕ ತುಂಬಿಸಿಡುತ್ತಿದ್ದ ಬಕೆಟುಗಳತ್ತ ನೋಡಿದಳು. ಅವು ಖಾಲಿಯಿದ್ದವು. ಒಳಗೆ ಬಂದು ನಲ್ಲಿ ತಿರುಗಿಸಿ, ಒಂದೊಂದನ್ನೇ ತುಂಬಿಸಿಟ್ಟು ಹೋದಳು.

ನಾನೂ ಅಕ್ಕನ ಹಾಗೆಯೇ ಬರೆದು ನೋಡಿದೆ. ಕೈಮುಗಿಯುವ ಚಿತ್ರಗಳನ್ನೂ ಹಾಕಿದೆ. ಯಾರೋ ಕೆಲವರು ಲೈಕು ಒತ್ತಿದರು.

ದೀಪ ಇನ್ನೂ ಬಂದಿಲ್ಲ.