ಹುಳುಕು ಹಲ್ಲೊಂದು ಬೇಕಾಗಿದೆ

ಕ್ಷೌರದಂಗಡಿಯವರ ಹೆಂಡತಿ ಒಳ್ಳೆಯ ಮನಸ್ಸಿನಿಂದ ಮಾಡಿದ ಒಂದು ಉಪಕಾರದಿಂದ ಡಾಕ್ಟ್ರಮ್ಮನ ಬೆಳಗು ಹಾಳಾಯಿತು.

ಡಾಕ್ಟ್ರಮ್ಮ ಎಂದರೆ ಇನ್ನೂ ಡಾಕ್ಟರಲ್ಲ. ಬೀದಿಯವರು ಪ್ರೀತಿಯಿಂದ ಕೊಟ್ಟ ಪಟ್ಟ ಅಷ್ಟೆ. ಖಾಸಗಿ ಕಾಲೇಜೊಂದರಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ ಹುಡುಗಿ, ಕೊನೆಯ ವರ್ಷ. ಆ ಕಾಲೇಜಿನ ಪದ್ಧತಿಯೇ ಹಾಗೆ: ಪ್ರಾಯೋಗಿಕ ಪರೀಕ್ಷೆಗೆ ಪೆನ್ನು, ಏಪ್ರನ್ನು ತಂದಂತೆ ರೋಗಿಯನ್ನೂ ವಿದ್ಯಾರ್ಥಿಯೇ ಕರೆತರಬೇಕು. ಇವತ್ತು ಹಲ್ಲು ತುಂಬುವ ಪರೀಕ್ಷೆ. ಹುಳುಕು ಹಲ್ಲಿನವರು ಸಿಗದಿದ್ದರೆ ಫೇಲು. ಕಳೆದ ಸಲ ಇವಳು ಕರೆತಂದಿದ್ದ ಮನುಷ್ಯ ಸೂಜಿ ಕಂಡದ್ದೇ ತಡ, ಕುರ್ಚಿಯಿಂದ ಜಿಗಿದು ಕಾಲಿಗೆ ಬುದ್ಧಿ ಹೇಳಿದ್ದ. ಜೊತೆಯವರೆಲ್ಲ ಪಾಸಾಗಿ ಹೋದರು, ಇವಳು ಉಳಿದಳು. ಈ ಸಲವೂ ತಪ್ಪಿದರೆ ಅಮ್ಮನಿಗೆ ಯಾವ ಮುಖ ತೋರಿಸುವುದು?

ಅದಕ್ಕೇ ಕ್ಷೌರದಂಗಡಿಯವರ ದವಡೆ ಹಲ್ಲೊಂದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದಳು. ಬೆಳಿಗ್ಗೆ ಕರೆಯಲು ಹೋದರೆ ಅವರ ಹೆಂಡತಿ ಹೆಮ್ಮೆಯಿಂದ ಬಾಗಿಲು ತೆರೆದರು.

"ಪರೀಕ್ಷೆ ದಿನ ನಿಂಗ್ಯಾಕಮ್ಮಾ ತೊಂದ್ರೆ ಅಂತ ನಿನ್ನೆ ನಾನೇ ಇವ್ರನ್ನ ಎಳ್ಕೊಂಡು ಹೋಗಿ ಹಲ್ಲು ತುಂಬಿಸ್ಕೊಂಡು ಬಂದೆ. ನೀನು ಆರಾಮಾಗಿ ಪರೀಕ್ಷೆ ಬರಿ ಹೋಗು!"

ಹಿಂದೆ ನಿಂತಿದ್ದ ಯಜಮಾನರು ತಪ್ಪು ಮಾಡಿದವರಂತೆ ಬಾಯಿ ತೆರೆದು ತೋರಿಸಿದರು. ಹಲ್ಲು ಫಳಫಳ ಹೊಳೆಯುತ್ತಿತ್ತು.

ಸುದ್ದಿ ಬೀದಿಗೆಲ್ಲ ಹಬ್ಬಲು ಎಷ್ಟು ಹೊತ್ತು? ಮನೆ ಓನರ್ ಆಂಟಿ ಮೆಟ್ಟಿಲಲ್ಲೇ ಅಡ್ಡಗಟ್ಟಿ ಬಾಯಿ ತೆರೆದರು. "ನೋಡೇ, ಸಂಕೋಚ ಪಡ್ಬೇಡ!"

"ಆಂಟಿ, ಇದು ಪೂರ್ತಿ ಕಟ್ಟಿಸಿರೋ ಸೆಟ್ಟು."

"ಹೌದಲ್ವಾ! ಹುಳುಕೆಲ್ಲ ಹೋದ ವರ್ಷಾನೇ ಕೀಳಿಸ್ಬಿಟ್ಟೆ ಕಣೆ. ಗೊತ್ತಿದ್ರೆ ನಿಂಗೋಸ್ಕರ ಒಂದೆರಡು ಇಟ್ಕೊಂಡಿರ್ತಿದ್ದೆ."

ಟೈಲರ್ ಅಂಗಡಿಯಿಂದಲೇ ಕೂಗಿದ. "ನಮ್ಮತ್ತೆ ಹಲ್ಲು ಕಲ್ಲಿನ ಥರ ಇದೆ ಡಾಕ್ಟ್ರಮ್ಮ. ನಾಲಿಗೆಗೆ ಏನಾದ್ರೂ ತುಂಬೋಕಾಗತ್ತಾ?"

ಅಳು ನುಂಗಿಕೊಂಡು ಹುಡುಗಿ ಕಾಲೇಜಿನತ್ತ ಓಡಿದಳು. ಗೇಟಿನ ಹತ್ತಿರದ ಬೆಂಚಿನ ಮೇಲೆ, ಕೈಚೀಲ ಪಕ್ಕಕ್ಕಿಟ್ಟು, ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ವಯಸ್ಸಾದವರೊಬ್ಬರು ಕೂತಿದ್ದರು. ದೇವರೇ ಕೂತಂತೆ ಕಂಡಿತು ಅವಳಿಗೆ.

"ಯಜಮಾನ್ರೇ, ಹಲ್ಲು ನೋವಾ?"

ಅವರು ಸುತ್ತಮುತ್ತ ನೋಡಿ ಮೆಲ್ಲಗೆ ತಲೆಯಾಡಿಸಿದರು. "ಆದ್ರೆ ಮಗು, ನಾನು..."

"ಭಯ ತಾನೇ? ನಾನಿದ್ದೀನಿ ಬನ್ನಿ."

ಕೈಹಿಡಿದು ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿಯೇಬಿಟ್ಟಳು. ಕೆಳದವಡೆಯಲ್ಲಿ ಎಂಥ ಚೆಂದದ ಹುಳುಕು! ಕಾಲೇಜಿನ ಮೇಡಂ ಕೂಡ ಇಣುಕಿ ನೋಡಿ, "ಹೊರಗಿನ ಪರೀಕ್ಷಕರು ಇನ್ನೂ ಬಂದಿಲ್ಲ. ನೀನು ಶುರು ಮಾಡು" ಎಂದರು.

ಸೂಜಿ ನೋಡಿ ವೃದ್ಧರು ಅವಳ ಏಪ್ರನ್ ಅಂಚನ್ನು ಗಟ್ಟಿಯಾಗಿ ಹಿಡಿದರು. ಅವಳಿಗೆ ಪರೀಕ್ಷೆ ಮರೆತೇ ಹೋಯಿತು.

"ನೋವಾದ್ರೆ ಎಡಗೈ ಎತ್ತಿ. ಆ ಕ್ಷಣವೇ ನಿಲ್ಲಿಸ್ತೀನಿ, ನನ್ನಾಣೆ."

ಅವರು ಆಗಾಗ ಕೈ ಎತ್ತಿದರು. ಪ್ರತಿ ಸಲವೂ ಅವಳು ನಿಲ್ಲಿಸಿ, ಭುಜ ಸವರಿ, ಅವರು ಹೂಂ ಎಂದ ಮೇಲೆಯೇ ಮುಂದುವರಿದಳು. ಒಮ್ಮೆಯಂತೂ ಇವಳು ನಿಜವಾಗಿ ನಿಲ್ಲಿಸುತ್ತಾಳೋ ಎಂದು ನೋಡುವುದಕ್ಕೇ ಎತ್ತಿದಂತಿತ್ತು. ಕೊನೆಗೆ ಹಲ್ಲು ಎಷ್ಟು ಚೊಕ್ಕವಾಗಿ ತುಂಬಿತೆಂದರೆ ಅವಳಿಗೇ ನಂಬಿಕೆಯಾಗಲಿಲ್ಲ.

ಅಷ್ಟರಲ್ಲಿ ಹೂಗುಚ್ಛ ಹಿಡಿದ ಪ್ರಿನ್ಸಿಪಾಲರು ಬೆವರುತ್ತಾ ಬಂದರು. "ಪರೀಕ್ಷಕರನ್ನ ಯಾರಾದ್ರೂ ನೋಡಿದ್ರಾ? ಬಸ್ಸಿಳಿದು ಆಗ್ಲೇ ಬಂದ್ರಂತೆ!"

ಕುರ್ಚಿಯಲ್ಲಿದ್ದ ವೃದ್ಧರು ಎಡಗೈ ಎತ್ತಿದರು.

"ನೋವಾಯ್ತಾ ಯಜಮಾನ್ರೇ?" ಎಂದಳು ಹುಡುಗಿ ಗಾಬರಿಯಿಂದ.

"ಇಲ್ಲಮ್ಮ. ಅವ್ರು ಹುಡುಕ್ತಿರೋದು ನನ್ನನ್ನೇ" ಎಂದರು ಅವರು, ಮರಗಟ್ಟಿದ ತುಟಿಯನ್ನು ಕಷ್ಟಪಟ್ಟು ಆಡಿಸುತ್ತಾ. "ಹೇಳೋಣ ಅಂತ ಬಾಯಿ ತೆಗೆದೆ, ನೀನು ಬಾಯೊಳಗೆ ಕನ್ನಡಿ ಇಟ್ಟೆ. ಆಮೇಲೆ ಹೇಳೋಕೆ ಮನಸ್ಸೇ ಬರ್ಲಿಲ್ಲ. ಜೀವಮಾನವಿಡೀ ಊರವರ ಹಲ್ಲು ನೋಡಿದೀನಿ, ಈ ಕುರ್ಚಿಲಿ ಕೂರೋಕೆ ಮಾತ್ರ ನನಗೇ ಭಯ. ಇಷ್ಟು ಅಕ್ಕರೆಯಿಂದ ಯಾರೂ ನನ್ನ ನೋವು ಕೇಳಿರ್ಲಿಲ್ಲ."

ಹುಡುಗಿಯ ಕಣ್ಣು ತುಂಬಿತು. ಪಾಸಾದೆ ಎಂದುಕೊಂಡಳು.

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. "ಆದ್ರೆ ಸರ್, ಪರೀಕ್ಷಕರು ತಮ್ಮ ಬಾಯಿಗೆ ತಾವೇ ಅಂಕ ಕೊಡೋ ಹಾಗಿಲ್ಲ. ಈ ಹುಡುಗಿ ಮುಂದಿನ ವಾರ ಬೇರೆ ರೋಗೀನ ಕರ್ಕೊಂಡು ಬರ್ಬೇಕು."

"ಅದಕ್ಕೇನಂತೆ!" ವೃದ್ಧರು ಇನ್ನೊಂದು ಕೆನ್ನೆ ಎಳೆದು ತೋರಿಸಿದರು. "ಈ ಕಡೆ ಇನ್ನೊಂದು ಹುಳುಕಿದೆ. ಮುಂದಿನ ವಾರ ನಾನೇ ಬರ್ತೀನಿ, ರೋಗಿಯಾಗಿ!"

"ಮುಂದಿನ ವಾರದ ಪರೀಕ್ಷಕರೂ ನೀವೇ ಸರ್."

ವೃದ್ಧರು ತಪ್ಪೆಲ್ಲ ತಮ್ಮದೇ ಎಂಬಂತೆ ತಲೆ ತಗ್ಗಿಸಿದರು. ಹುಡುಗಿಗೆ ಅವರನ್ನು ನೋಡಿ ತಡೆಯಲಾಗಲಿಲ್ಲ.

"ಪರೀಕ್ಷೆ ಆಚೆಗಿರ್ಲಿ ಸರ್. ನಾಳೆ ಬನ್ನಿ, ಅದನ್ನೂ ತುಂಬ್ತೀನಿ. ಹಾಗೇ ಬಿಟ್ರೆ ನೋವು ಕೊಡತ್ತೆ."

ಅವರು ಮಗುವಿನಂತೆ ತಲೆಯಾಡಿಸಿದರು.

ಹುಡುಗಿ ಗ್ಲೌಸ್ ಕಳಚಿಟ್ಟು ಗೇಟಿಗೆ ಬಂದು ನಿಂತಳು. ಹೋಗಿಬರುವವರನ್ನೆಲ್ಲ ನೋಡಿ ನಗತೊಡಗಿದಳು. ತಿರುಗಿ ನಕ್ಕರೆ ಹಲ್ಲು ಕಾಣುತ್ತದಲ್ಲ!