ಪೆಡಲಿಗೆ ಆಟ ಬೇಕು

ಸಡಿಲವಾದದ್ದು ಏನು ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ನಾನು ತಿರುಗಿಸಿಟ್ಟ ನಲ್ಲಿಯನ್ನು ಮನೆಯಲ್ಲಿ ಬೇರೆ ಯಾರೂ ಬಿಡಲಾರರು. ನಾನು ಮುಚ್ಚಿದ ಉಪ್ಪಿನಕಾಯಿ ಬಾಟಲಿಯನ್ನು ತೆಗೆಯಲು ಹೆಂಡತಿ ಶಾರದೆ ನನ್ನನ್ನೇ ಕರೆಯಬೇಕು. ಇಂಥ ಮನುಷ್ಯ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಬಾರದು. ಕೊಂಡೆ. ಕೊಪ್ಪದ ಹತ್ತಿರದ ಎಸ್ಟೇಟೊಂದರ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿದ್ದ, ಎರಡೇ ಸೀಟಿನ ಕೆಂಪು ವಿಲಾಯಿತಿ ಕಾರು. ಅದರಲ್ಲಿ ಕೂರುವುದೆಂದರೆ ಮಣೆಯ ಮೇಲೆ ಕೂತ ಹಾಗೆ, ಏಳಲು ಇನ್ನೊಬ್ಬರ ಕೈ ಬೇಕು. ಹೊತ್ತುಗೊತ್ತಿಲ್ಲದೆ ನಾನು ಅದರ ಸೇವೆ ಮಾಡುವುದನ್ನು ನೋಡಿ ಸಾಕಾಗಿ ಶಾರದೆ ಒಂದು ಷರತ್ತು ಹಾಕಿದಳು. "ಅಡ್ಡಗದ್ದೆಗೆ, ನನ್ನ ತವರಿಗೆ ಇದ್ರಲ್ಲೇ ಹೋಗುವ. ದಾರೀಲಿ ಕೆಟ್ಟು ನಿಂತ್ರೆ ಕೀ ಅಣ್ಣನ ಕೈಗೆ. ಅವ ಗಿರಾಕಿ ನೋಡಿಟ್ಟಿದಾನೆ." ಆಯ್ತು ಎಂದೆ.

ಹೊರಡುವ ಹಿಂದಿನ ದಿನ ಪೆಡಲುಗಳ ಮೇಲೆ ನನ್ನ ಕಣ್ಣು ಬಿತ್ತು. ಬ್ರೇಕಾಗಲಿ ಕ್ಲಚ್ಚಾಗಲಿ, ಒತ್ತಿದರೆ ಮೊದಲ ಅರ್ಧ ಇಂಚು ಏನೂ ಆಗುತ್ತಿರಲಿಲ್ಲ, ಆಮೇಲಷ್ಟೇ ಹಿಡಿಯುತ್ತಿತ್ತು. ಈ ಉದಾಸೀನ ನನಗೆ ಸಹಿಸಲಾಗಲಿಲ್ಲ. ತಲೆ ಒಳಗೆ, ಕಾಲು ಹೊರಗೆ ಮಾಡಿ ಮಲಗಿ, ರಾಡಿನ ನಟ್ಟು ತಿರುಗಿಸಿ, ಮುಟ್ಟಿದರೆ ಸಾಕು ಹಿಡಿಯುವಂತೆ ಎರಡನ್ನೂ ಬಿಗಿ ಮಾಡಿದೆ. ಹೆಮ್ಮೆ ತಡೆಯದೆ ಮೆಕ್ಯಾನಿಕ್ ವಾಸಣ್ಣನಿಗೆ ಫೋನ್ ಮಾಡಿದರೆ ಅವನು ಸಿಗಲಿಲ್ಲ. ನಮ್ಮ ಕಡೆ ಯಕ್ಷಗಾನಕ್ಕೆ ಆಟ ಎನ್ನುತ್ತಾರೆ. ವಾಸಣ್ಣನಿಗೆ ಅದರ ಹುಚ್ಚು, ಎಲ್ಲಿ ಆಟವಿದ್ದರೂ ಗ್ಯಾರೇಜಿಗೆ ಬೀಗ. ಪೆಡಲು ಬಿಗಿ ಮಾಡಿದ ಸುದ್ದಿಯನ್ನು ಅವನ ಮನೆಯವರ ಹತ್ತಿರ ಹೇಳಿಟ್ಟೆ.

ಮರುದಿನ ಕಾರು ಮೊದಲು ಚೆನ್ನಾಗಿಯೇ ಓಡಿತು. ಆಮೇಲೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಕಾರು ಏರುವುದಿಲ್ಲ. ಇಳಿಜಾರಿನಲ್ಲೂ ಯಾರೋ ಹಿಂದಿನಿಂದ ಎಳೆದು ಹಿಡಿದಂತೆ. ಸುಟ್ಟ ವಾಸನೆ ಬಂತು. "ಎಂತದು ವಾಸನೆ?" ಎಂದಳು ಶಾರದೆ. "ಯಾರೋ ಮರದಡಿಯ ದರಲೆ ಗುಡಿಸಿ ಸುಡ್ತಿದಾರೆ" ಎಂದೆ. ಒಂದು ತಿರುವಿನ ನಡುಮಧ್ಯೆ ನಾನು ಬ್ರೇಕ್ ಮುಟ್ಟದೆಯೇ ಕಾರು ನಿಂತುಬಿಟ್ಟಿತು. ಮುಂಚಕ್ರದಿಂದ ಹೊಗೆ. ಇಳಿದು ತಳ್ಳಿದರೆ ಅಲುಗಲಿಲ್ಲ. ಮೇಲಿನಿಂದ ಬಸ್ಸಿನ ಹಾರನ್ ಕೇಳಿಸಿತು. ಶಾರದೆ ಒಳಗೇ ಇದ್ದಳು, ಅವಳಿಗೆ ಏಳಲು ಕೈ ಬೇಕು. ಹೇಗೋ ಅವಳನ್ನು ಎಳೆದು ದಂಡೆಗೆ ನಿಲ್ಲಿಸಿ, ಟವೆಲ್ ಬೀಸುತ್ತಾ ಓಡಿದೆ. ಬಸ್ಸು ಕಿರ್ರೆಂದು ಮಾರು ದೂರದಲ್ಲಿ ನಿಂತಿತು.

"ಎಂತ ಮಾರಾಯ್ರೆ, ರಸ್ತೆ ಮಧ್ಯ ಮಲಗ್ಸಿದ್ದು?" ಎಂದು ಡ್ರೈವರು ಕೂಗಿದ.

ಆಗ ಶಾರದೆ ಹೇಳಿದಳು, "ಅಲ್ಲ ರೀ, ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ವಾಸಣ್ಣ ಫೋನ್ ಮಾಡಿದ್ದ. ಆಟ ಉಂಟಾ ಕೇಳಿ, ಆಟ ಇಲ್ಲದಿದ್ರೆ ಹೊರಡ್ಲೇಬೇಡಿ ಅಂದ. ನಾವು ಆಟಕ್ಕಲ್ಲ ಮಾರಾಯ, ತವರಿಗೆ ಹೋಗೋದು ಅಂದೆ. ಅವ ಎಂತೆಂತದೋ ಬಡ್ಕೊಂಡ, ನಾನು ಫೋನ್ ಇಟ್ಟೆ."

ಒತ್ತಿದರೆ ಖಾಲಿ ಹೋಗುವ ಆ ಅರ್ಧ ಇಂಚಿಗೆ ಗ್ಯಾರೇಜಿನವರು ಹೇಳುವುದೂ ಆಟ ಎಂದೇ. ನಾನು ಕೊಂದದ್ದು ಅದನ್ನೇ, ಕಾಲಿಡದೆಯೂ ಬ್ರೇಕು ಹಿಡಿದೇ ಇತ್ತು! ಮತ್ತೆ ತಲೆ ಒಳಗೆ, ಕಾಲು ಹೊರಗೆ. ಬಸ್ಸಿನವರೆಲ್ಲ ಇಳಿದು ನನ್ನ ಕಾಲುಗಳಿಗೆ ಸಲಹೆ ಕೊಟ್ಟರು. ನಟ್ಟು ಸಡಿಲಿಸುತ್ತಿದ್ದಂತೆ ಚಕ್ರ ಉಸ್ಸೆಂದು ಬಿಟ್ಟುಕೊಟ್ಟಿತು.

ಅಡ್ಡಗದ್ದೆಯಲ್ಲಿ ಶಾರದೆಯ ಅಣ್ಣ ಅಂಗಳದಲ್ಲೇ ಕಾಯುತ್ತಿದ್ದ. "ಭಾವ, ದಾರೀಲಿ ಎಲ್ಲೂ ನಿಲ್ಲಲಿಲ್ವಾ?" ಎಂದು ಕೇಳಿ ತಂಗಿಯ ಮುಖ ನೋಡಿದ. ಶಾರದೆ ಸೆರಗಿನ ಧೂಳು ಕೊಡವಿದಳು. ನಾನು ಜೇಬಿನಲ್ಲಿ ಕೀಯನ್ನು ಬಿಗಿಯಾಗಿ ಹಿಡಿದುಕೊಂಡೆ. ನನಗೆ ಅಳು ಬರುವುದೊಂದು ಬಾಕಿ.

"ನಿಲ್ದೆ ಎಂತ? ನಂಗೆ ತಲೆ ತಿರುಗ್ತು ಅಂತ ನಾನೇ ನಿಲ್ಸಿದ್ದು" ಎಂದು ಅವಳು ಒಳಗೆ ಹೋದಳು.

ಕಾರು ಉಳಿಯಿತು. ಆದರೆ ಅಂದಿನಿಂದ ನಾನು ಕರೆದರೆ ಮೊದಲ ಕೂಗಿಗೆ ಶಾರದೆ ಓಗೊಡುವುದಿಲ್ಲ. ಕೇಳಿದರೆ, "ಸ್ವಲ್ಪ ಆಟ ಬೇಕಲ್ಲ" ಎನ್ನುತ್ತಾಳೆ. ಈಗ ನಲ್ಲಿಗಳನ್ನೆಲ್ಲ ಹಗುರವಾಗಿ ತಿರುಗಿಸುತ್ತೇನೆ. ಉಪ್ಪಿನಕಾಯಿ ಬಾಟಲಿಯನ್ನು ಮಾತ್ರ ಮೊದಲಿನಂತೆ ಬಿಗಿಯಾಗಿಯೇ ಮುಚ್ಚುತ್ತೇನೆ. ಅವಳಾಗಿ ನನ್ನನ್ನು ಕರೆಯಲು ಇನ್ನುಳಿದಿರುವುದು ಅದೊಂದೇ ನೆಪ.