ತುಪ್ಪ ಉಂಡ ಲಾರಿ

ದೇವರ ಮೇಲೆ ಭಕ್ತಿ ಹೆಚ್ಚಾಗಿ ಕೆಟ್ಟವರಿಲ್ಲ. ಲಾರಿಯ ಮೇಲೆ ಹೆಚ್ಚಾದರೆ ಏನಾಗುತ್ತದೆಂಬುದನ್ನು ಮಾತ್ರ ಕಲಬುರಗಿಯ ದೌಲಪ್ಪನನ್ನೇ ಕೇಳಬೇಕು.

ನಿಜಾಮರ ಕಾಲ. ಊರಿಗೆಲ್ಲ ಮೋಟಾರುಗಳು ಬೆರಳೆಣಿಕೆಯಷ್ಟು. ದೌಲಪ್ಪನದು ಯಾರೋ ಸಾಹುಕಾರರು ಓಡಿಸಿ ದಣಿಸಿ ಮಾರಿದ ಹಳೆಯ ಲಾರಿ. ಮಹಾನವಮಿಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಅವನ ತಾಯಿ ಸೂಗಮ್ಮ ಬಾನೆಟ್ ಎತ್ತಿಸಿ, ಕೈಗೆ ಸಿಕ್ಕ ಭಾಗವನ್ನೆಲ್ಲ ಪೂಜಿಸಿ, ಆರತಿ ಬೆಳಗಿದ್ದಳು. ಸಂಜೆ ದೌಲಪ್ಪ ಲಾರಿಯ ದೀಪ ಹೊತ್ತಿಸಿಕೊಂಡು ಗಂಜ್ ಪೇಟೆಯ ತುಂಬ ಮೆರೆದು ಬಂದ. ಮರುದಿನ ಬೆಳಿಗ್ಗೆ ಲಾರಿ ಉಸಿರೆತ್ತಲಿಲ್ಲ.

ಆ ದಿನವೇ ಬನ್ನಿ ಹಬ್ಬ. ಹೊತ್ತು ಮುಳುಗುವುದರೊಳಗೆ ಕಮಲಾಪುರ ಮುಟ್ಟಿ, ಬನ್ನಿ ಕೊಟ್ಟು, ನೀಲಗಂಗಮ್ಮನೆಂಬ ಹುಡುಗಿಯೊಂದಿಗೆ ತನ್ನ ಮದುವೆ ಗಟ್ಟಿ ಮಾಡಿಕೊಳ್ಳಬೇಕಿತ್ತು. ಒಮ್ಮೆ ನೋಡಿ ಬಂದಂದಿನಿಂದ ಅವನಿಗೆ ಊಟ ಸೇರದು. ಈ ಮೊದಲು ಆಳಂದದ ಸಂಬಂಧ, ಸೇಡಂನ ಸಂಬಂಧ ಎರಡೂ ಲಾರಿ ನಡುದಾರಿಯಲ್ಲಿ ಮಲಗಿದ್ದರಿಂದಲೇ ಮುರಿದಿದ್ದವು. ಟಾಂಗಾದಲ್ಲಿ ಹೋಗೋಣವೆಂದರೆ, ಮೋಟಾರಿನ ವರ ಟಾಂಗಾದಿಂದ ಇಳಿದರೆ ಮೀಸೆಯ ಗತಿಯೇನು?

ಪಕ್ಕದ ಮನೆಯ ಟಾಂಗಾ ನಬಿಸಾಬ್ ಕರೆಯದೆಯೇ ಬಂದ. "ನನ್ನ ಕುದುರಿ ಕಟ್ಟಿ ಎಳಸ್ತೀನಿ ತಡಿ. ಜಾನವಾರಕ್ಕ ಜಾನವಾರದ ಮಾತು ತಿಳೀತದ."

ಕುದುರೆ ಎಳೆಯಿತು. ಓಣಿಯ ಇಳಿಜಾರು ಸಿಕ್ಕಿದ್ದೇ ತಡ, ಲಾರಿ ತಾನಾಗಿಯೇ ಉರುಳತೊಡಗಿತು. ಹಣೆ ತುಂಬ ಕುಂಕುಮ ಬಳಿದುಕೊಂಡು ಬೆನ್ನಟ್ಟಿ ಬರುತ್ತಿದ್ದ ಭೂತವನ್ನು ಕಂಡ ಕುದುರೆ ಹಗ್ಗ ಹರಿದುಕೊಂಡು ಓಡಿತು. ಕುದುರೆಯ ಹಿಂದೆ ನಬಿಸಾಬ್ ಓಡಿದ. ಲಾರಿ ಓಣಿಯ ಕೊನೆಯ ಮನೆಯ ಸಾಬಮ್ಮನ ಕುಳ್ಳಿನ, ಅಂದರೆ ಬೆರಣಿಯ, ರಾಶಿಗೆ ಮೂಗು ತುರುಕಿ ನಿಂತಿತು.

ಸಾಬಮ್ಮ ಹೊರಗೆ ಬಂದು ನೋಡಿದಳು. "ಯಾಕೋ ದೌಲ್ಯಾ, ಇದನ್ನ ಒಲಿಗಿ ಹಚ್ಬೇಕಂತ ತಂದೇನು? ಕುಳ್ಳ ಇನ್ನಾ ಹಸಿ ಅವ, ಹತ್ತಂಗಿಲ್ಲ."

ಕೊನೆಗೆ ಮೋಟಾರು ರಿಪೇರಿಯ ಮಿಸ್ತ್ರಿ ಖಮರುದ್ದೀನ್ ಬಂದು ಗಡ್ಡ ನೀವಿಕೊಂಡ. "ಬ್ಯಾಟರಿ ಖಾಲಿ ಆಗ್ಯಾದ. ಉಳಿದದ್ದೆಲ್ಲ ಠೀಕ್ ಅದ. ವಕೀಲ್ ಸಾಹೇಬರ ಮೋಟಾರಿಂದು ನನ್ನ ಹತ್ರ ಅದ, ಒಯ್ಯಿ. ಅವ್ರು ಹಬ್ಬಕ್ಕ ಊರಿಗಿ ಹೋಗ್ಯಾರ. ಆದ್ರ ಯಾರಿಗೂ ಹೇಳಬ್ಯಾಡ."

ವಕೀಲರ ಬ್ಯಾಟರಿ ವಾದಕ್ಕೆ ನಿಂತಂತೆ ಲಾರಿ ಗುಡುಗಿತು. ತಾಯಿ ಮಗ ಹೊರಟಾಗ ಮಧ್ಯಾಹ್ನ ಹೊರಳಿತ್ತು.

ಅರ್ಧ ದಾರಿಗೆ ಆಡಿನ ಹಿಂಡು ಅಡ್ಡ ಬಂತು. ಹಾರ್ನ್ ಮೊದಲು ಎಮ್ಮೆಯಂತೆ ಕೂಗಿ, ಆಮೇಲೆ ಆಡಿನಂತಾಗಿ, ಕಡೆಗೆ ಸೊಳ್ಳೆಯಂತಾಯಿತು. ಎದುರಿನ ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ಎಡಕ್ಕೇ ವಾಲಿತ್ತು: ಬ್ಯಾಟರಿಯಿಂದ ಖರ್ಚೇ ಹೊರತು ಜಮೆಯಿಲ್ಲ. ದೌಲಪ್ಪ ಇಳಿದು ಬಾನೆಟ್ ಎತ್ತಿದ. ಎಂಜಿನ್ ಓಡುತ್ತಿದೆ, ಆದರೆ ಬ್ಯಾಟರಿಗೆ ಕರೆಂಟು ಕೊಡುವ ಡೈನಮೋ ಮಾತ್ರ ಮುನಿಸಿಕೊಂಡ ಅಳಿಯನಂತೆ ಅಲುಗದೆ ಕೂತಿದೆ. ಅದನ್ನು ತಿರುಗಿಸಬೇಕಾದ ಪಟ್ಟೆ ಜಾರುತ್ತಿತ್ತು. ಎಂಜಿನ್ ನಿಲ್ಲಿಸಿ ಮುಟ್ಟಿ ನೋಡಿದ. ಮೂಸಿ ನೋಡಿದ.

"ಯವ್ವಾ, ಈ ಪಟ್ಟಾಕ ತುಪ್ಪ ಯಾರು ಹಚ್ಯಾರ?"

"ನಾನೇ. ಪೂಜಿ ಮುಂದ ನೋಡಿದೆ, ಒಣಗಿ ಬಿರುಕು ಬಿಟ್ಟಿತ್ತು ಪಾಪ. ಆಕಳ ತುಪ್ಪನೇ ಹಚ್ಚೀನಿ, ಎಣ್ಣಿ ಅಲ್ಲ."

"ಅದು ದುಡಿಯೋ ಪಟ್ಟಾ ಬೇ, ಬಾಣಂತಿ ಅಲ್ಲ."

ಸೂಗಮ್ಮನ ಮುಖ ಸಣ್ಣದಾಯಿತು. ಭಕ್ತಿಯಲ್ಲಿ ಏನೋ ಊನವಾಯಿತೆಂದು ತಿಳಿದು, ಸೆರಗಿನ ಗಂಟು ಬಿಚ್ಚಿ, ಗುಡಿಯ ಭಸ್ಮವನ್ನೆಲ್ಲ ಪಟ್ಟೆಯ ಮೇಲೆ ಸುರಿದು ಕೈ ಮುಗಿದಳು. ದೌಲಪ್ಪ ತಲೆ ಚಚ್ಚಿಕೊಂಡು ಎಂಜಿನ್ ಎಬ್ಬಿಸುವ ಹ್ಯಾಂಡಲ್ ತಿರುವಿದ. ಭಸ್ಮ ತುಪ್ಪವನ್ನೆಲ್ಲ ಹೀರಿತು, ಪಟ್ಟೆ ಕಚ್ಚಿ ಹಿಡಿಯಿತು, ಡೈನಮೋ ಗಿರ್ರನೆ ತಿರುಗಿತು. ಮುಳ್ಳು ಬಲಕ್ಕೆ ಹಾರಿತು.

ಹೊತ್ತು ಮುಳುಗುವ ಮೊದಲೇ ಲಾರಿ ದೀಪ ಉರಿಸಿಕೊಂಡು, ಎಮ್ಮೆಯ ಕೊರಳಲ್ಲಿ ಕೂಗಿಕೊಂಡು ಕಮಲಾಪುರ ಹೊಕ್ಕಿತು. ಕೆಂಪು ಬಾಳೆಯ ತೋಟದ ಪಕ್ಕದ ಮನೆಯಲ್ಲಿ ಹುಡುಗಿಯ ತಂದೆ ಮರೆಪ್ಪ ಓಡಿ ಬಂದು ಬನ್ನಿ ಕೊಟ್ಟ. ತಾಯಿ ಕಸ್ತೂರಿಬಾಯಿ ಮಾತ್ರ ಲಾರಿಯನ್ನೇ ನೋಡುತ್ತ ನಿಂತಳು.

"ಇದು ನಿಮ್ಮದೇ ಗಾಡಿ ಏನ್ರೀ?"

"ನಮ್ಮದೇ ರೀ," ದೌಲಪ್ಪ ಎದೆಯುಬ್ಬಿಸಿದ. "ಒಂದೇ ಓಟಕ್ಕ ಬಂದೀವಿ."

"ಹಾಂಗಾದ್ರ ತಾಂಬೂಲ ಬ್ಯಾಡ್ರಿ," ಎಂದಳಾಕೆ. "ನಮ್ಮ ಹಿರೇ ಅಳಿಯನೂ ಮೋಟಾರಿನವನೇ. ಹೋದ್ರ ತಿಂಗಳಾನುಗಟ್ಲೆ ಮನಿ ಕಡಿ ಹಣಿಕಿ ಹಾಕಂಗಿಲ್ಲ. ನಿಮ್ಮ ಗಾಡಿ ಸದಾ ಕೆಟ್ಟು ಮನಿ ಮುಂದೇ ನಿಂತಿರತದ ಅಂತ ಕೇಳಿದ್ದಿವಿ. ಹುಡುಗ ಕಣ್ಣ ಮುಂದ ಇರ್ತಾನಂತ ಒಪ್ಪಿದ್ದಿವಿ. ನೋಡಿದ್ರ ಹಿಂಗ ಓಡ್ತದ."

ಬಾಗಿಲ ಮರೆಯಲ್ಲಿ ನೀಲಗಂಗಮ್ಮನ ಬಳೆ ಸದ್ದು ನಿಂತಿತು.

"ಇಲ್ರೀ ಅತ್ತಿ," ಅಂದ ದೌಲಪ್ಪ. "ಇದು ಭಾಳ ಕೆಟ್ಟ ಗಾಡಿ ರೀ. ಇವತ್ತೇನೋ ತಪ್ಪಿ ಓಡ್ಯಾದ. ಮತ್ತ ಚಾಲೂನೇ ಆಗಂಗಿಲ್ಲ. ಬರ್ರಿ, ತೋರಸ್ತೀನಿ."

ಎಲ್ಲರೂ ಬಂದು ಸುತ್ತ ನಿಂತರು. ದೌಲಪ್ಪ ಹತ್ತಿ ಕೂತು, ಕಣ್ಣು ಮುಚ್ಚಿ, ಜನ್ಮದಲ್ಲಿ ಮೊದಲ ಸಲ ಲಾರಿ ಕೆಡಲೆಂದು ತನ್ನೂರ ದೇವರಾದ ಶರಣರನ್ನು ಬೇಡಿಕೊಂಡು ಚಾಲೂ ಮಾಡುವ ಗುಂಡಿಯನ್ನು ಅರೆಮನಸ್ಸಿನಿಂದ ಒತ್ತಿದ.

ಒಂದೇ ಏಟಿಗೆ ಲಾರಿ ಎದ್ದು ಗರ್ಜಿಸಿತು. ತೋಟದ ಬಾಳೆ ಎಲೆಗಳೆಲ್ಲ ನಡುಗಿದವು.

ಸೂಗಮ್ಮ ಸಂಭ್ರಮದಿಂದ ಕಸ್ತೂರಿಬಾಯಿಯ ಕೈ ಹಿಡಿದಳು. "ನೋಡಿದ್ರೇನ್ರೀ? ನನ್ನ ಪೂಜಿ ಸುಳ್ಳಾಗಂಗಿಲ್ಲ."